ಕಾಳು, ಹುಲ್ಲು ಮತ್ತು ಹೆಬ್ಬಾಳ

ವಿಶ್ವವಿದ್ಯಾನಿಲಯ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಎತ್ತರದ ಕಂಬಗಳ ಕಟ್ಟಡ, ಗಡಿಯಾರದ ಗೋಪುರ, ಪುಸ್ತಕ ಭಂಡಾರ, ಘಟಿಕೋತ್ಸವದ ನಿಲುವಂಗಿ. ಕೊಟ್ಟಿಗೆಯ ವಾಸನೆಯಾಗಲಿ ಗೊಬ್ಬರದ ಗುಂಡಿಯಾಗಲಿ ಆ ಚಿತ್ರದೊಳಕ್ಕೆ ಬರುವುದಿಲ್ಲ. ವಿದ್ಯೆಯೆಂದರೆ ಕೈ ಕೆಸರಾಗದಂತೆ ಬದುಕುವ ದಾರಿ ಎಂದು ನಮ್ಮ ನಡುವೆ ಬಹುಕಾಲದಿಂದ ನಡೆದುಬಂದಿರುವ ತಿಳಿವಳಿಕೆಯೇ ಇದಕ್ಕೆ ಕಾರಣವಿರಬಹುದು. ಮಗನನ್ನು ಓದಿಸುವ ರೈತನೂ ‘ನನ್ನ ಪಾಡು ಅವನಿಗೆ ಬೇಡ’ ಎಂದೇ ಓದಿಸುತ್ತಾನೆ. ಹೀಗಿರುವಾಗ ಉಳುವುದನ್ನೂ ಕರೆಯುವುದನ್ನೂ ಮೇಯಿಸುವುದನ್ನೂ ಕಲಿಸುವುದಕ್ಕೆಂದೇ ಊರಾಚೆಯ ಹೊಲಗಳ ನಡುವೆ ಒಂದು ವಿದ್ಯಾಪೀಠವನ್ನು ಕಟ್ಟಿದರೆ ಅದರ ಗತಿ ಏನಾದೀತು? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಬಳ್ಳಾರಿಯ ರಸ್ತೆ ಹಿಡಿದು ಹೊರಟರೆ ಮೊದಲು ಹೆಬ್ಬಾಳ, ಅದರ ಮುಂದೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ. ಒಂದು ಶತಮಾನಕ್ಕೂ ಮಿಕ್ಕಿದ ಕಥೆ ಆ ಎರಡು ಆವರಣಗಳಲ್ಲಿ ಹರಡಿಕೊಂಡಿದೆ.

ಹೆಬ್ಬಾಳ ಎಂಬ ಹೆಸರಿನ ಬಗೆಗೆ ಮೊದಲು ಒಂದು ಮಾತು. ಕೆಲವು ವರ್ಷಗಳ ಹಿಂದೆ ಅಲ್ಲಿ ದೊರೆತ ವೀರಗಲ್ಲೊಂದನ್ನು ವಿದ್ವಾಂಸರು ಸುಮಾರು ಕ್ರಿ.ಶ. 750ರದೆಂದು ನಿರ್ಣಯಿಸಿದ್ದಾರೆ. ಗಂಗರ ಶ್ರೀಪುರುಷನ ಕಾಲದ ಆ ಶಾಸನದಲ್ಲಿ ‘ಪೆರ್ಬೊಳಲ್ ನಾಡು’ ಎಂಬ ಮಾತಿದೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಆ ಹಿರಿಯ ಪಟ್ಟಣವೇ ಕಾಲಕ್ರಮದಲ್ಲಿ ಕೆರೆ, ಗದ್ದೆ, ರಾಗಿ ಹೊಲಗಳ ಹಳ್ಳಿಯಾಗಿ, ಹೆಬ್ಬಾಳವಾಯಿತೆಂದು ಹೇಳಬೇಕು. ಪಟ್ಟಣ ಹಳ್ಳಿಯಾದ ಆ ನೆಲದ ಮೇಲೆ ಕೃಷಿಕ್ಷೇತ್ರ ಹುಟ್ಟಿತು. ಈಗ ಮತ್ತೆ ಪಟ್ಟಣ ಹಿಂದಿರುಗಿ ಬಂದು ಬಾಗಿಲಲ್ಲಿ ನಿಂತಿದೆ.

1899ರಲ್ಲಿ ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ಮೂವತ್ತು ಎಕರೆ ಭೂಮಿಯನ್ನು ಕೃಷಿ ಪ್ರಯೋಗಕ್ಕೆಂದು ಕೊಟ್ಟರು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ನೆನಪಿಗೆ ಎಂಬುದು ಅಂದಿನ ಶಿಷ್ಟಾಚಾರದ ನೆಪ. ಕಂಚಿನ ಪ್ರತಿಮೆಯೊಂದನ್ನು ನಿಲ್ಲಿಸಿಯೂ ಆ ಶಿಷ್ಟಾಚಾರವನ್ನು ಪೂರೈಸಬಹುದಾಗಿತ್ತು. ಪ್ರತಿಮೆಗೆ ಬದಲು ಒಂದು ಹೊಲವನ್ನು ಸ್ಮಾರಕ ಮಾಡಿದ್ದು ಒಳ್ಳೆಯ ಬುದ್ಧಿ. ಕೃಷಿ ರಸಾಯನಶಾಸ್ತ್ರಜ್ಞ ಲೆಹ್ಮನ್ ಅದರ ಮೊದಲ ಮುಖ್ಯಸ್ಥರು. ಮೈಸೂರು ಸೀಮೆಯ ಮಣ್ಣಿನಲ್ಲಿ ಏನಿದೆ, ಏನಿಲ್ಲ, ಬೆಳೆ ಅದಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬ ಲೆಕ್ಕ ಅಲ್ಲಿಂದ ಪ್ರಾರಂಭವಾಯಿತು.

ಆದರೆ ಹೆಬ್ಬಾಳಕ್ಕೆ ಜೀವ ತುಂಬಿದವರು 1908ರಲ್ಲಿ ಬಂದ ಇನ್ನೊಬ್ಬರು, ಲೆಸ್ಲಿ ಕೋಲ್ಮನ್. ಕೆನಡಾ ದೇಶದವರು, ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಓದಿದವರು. ಕೀಟಗಳನ್ನೂ ಶಿಲೀಂಧ್ರಗಳನ್ನೂ ಬಲ್ಲವರೆಂದು ಸರ್ಕಾರ ಅವರನ್ನು ಕರೆಸಿತು. ಅವರ ಮುಂದೆ ಬಂದು ಬಿದ್ದ ದೊಡ್ಡ ಕೆಲಸ ಮಲೆನಾಡಿನ ಅಡಕೆ ತೋಟದ್ದು. ಮಳೆಗಾಲದಲ್ಲಿ ಎಳೆಯ ಅಡಕೆ ಕೊಳೆತು ನೆಲಕ್ಕುದುರುವ ರೋಗವನ್ನು ಮಲೆನಾಡಿಗರು ಕೊಳೆರೋಗ ಎಂದು ಕರೆಯುತ್ತಿದ್ದರು. ಅದಕ್ಕೆ ಅವರದೇ ಒಂದು ಪ್ರತೀಕಾರವೂ ಇತ್ತು. ಮಳೆ ಹಿಡಿಯುವ ಮೊದಲೇ ಮರವೇರಿ ಒಂದೊಂದು ಗೊನೆಗೂ ಕೊಟ್ಟೆ ಕಟ್ಟುವುದು, ಎಂದರೆ ಗೊನೆಗೆ ಕೊಡೆ ಹಿಡಿಯುವುದು. ರೋಗ ನೀರಿನ ಮೂಲಕ ಹರಡುತ್ತದೆ ಎಂಬ ತಿಳಿವಳಿಕೆ ಇಲ್ಲದೆ ಯಾರೂ ಗೊನೆಗೆ ಕೊಡೆ ಹಿಡಿಯಲಾರರು. ತೋಟಿಗರಿಗೆ ಶಿಲೀಂಧ್ರದ ಹೆಸರು ಗೊತ್ತಿರಲಿಲ್ಲ. ಅದರ ನಡತೆ ಗೊತ್ತಿತ್ತು. ಕೋಲ್ಮನ್ ಆ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ಅದರ ಬಗೆಗೆ ಬರೆದು, ಮೈಲುತುತ್ತ ಮತ್ತು ಸುಣ್ಣ ಬೆರೆತ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಈ ಔಷಧ ಶಿವಮೊಗ್ಗ ಸೀಮೆಯ ಅಡಕೆಯ ತಲೆಯ ಮೇಲೆ ಕುಳಿತು ಒಂದು ಶತಮಾನ ಕಳೆದಿದೆ. ಈಗಲೂ ಮುಂಗಾರಿನ ಮುನ್ನ ಅಲ್ಲಿನ ತೋಟಗಳಲ್ಲಿ ಔಷಧಿ ಹೊಡೆಯುವವರ ಗಡಿಬಿಡಿ ಕಾಣಬರುತ್ತದೆ.

ಸಾಹಿತ್ಯಾಸಕ್ತರಾದ ತಮಗೆ ಪ್ರಿಯವಾಗಬಹುದಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕೊಳೆರೋಗ ಎಂಬ ಅಚ್ಚಗನ್ನಡದ ಹಿಡಿತ ಎಷ್ಟು ಗಟ್ಟಿಯೆಂದರೆ, ಕಾಫಿ ಗಿಡಕ್ಕೆ ಬರುವ ಇಂತಹುದೇ ಇನ್ನೊಂದು ಕಾಯಿಲೆಯ ಶಿಲೀಂಧ್ರಕ್ಕೆ 1876ರಲ್ಲಿಯೇ ಇಂಗ್ಲಿಷ್ ಶಾಸ್ತ್ರಜ್ಞ ಕುಕ್ ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಎಂದು ನಾಮಕರಣ ಮಾಡಿದ್ದ. ಲ್ಯಾಟಿನ್ ಭಾಷೆಯ ಪಂಕ್ತಿಯಲ್ಲಿ ನಮ್ಮ ಮಲೆನಾಡಿನ ಮಾತು ಎಲೆ ಹಾಕಿಸಿಕೊಂಡು ಕುಳಿತುಬಿಟ್ಟಿತು. ಇದಕ್ಕೆ ಪ್ರತಿಯಾಗಿ ಎಂಬಂತೆ, ನಮ್ಮ ಬಯಲುಸೀಮೆಯ ಜೋಳದ ಹೊಲಗಳನ್ನು ಕಾಡುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯೊಂದರ ಕುಲಕ್ಕೆ ವಿಜ್ಞಾನಿಗಳು ‘ಕೋಲ್ಮೇನಿಯಾ’ ಎಂದು ಹೆಸರಿಟ್ಟರು. ಕನ್ನಡದ ರೋಗ ಲ್ಯಾಟಿನ್ನಿಗೆ ಹೋಯಿತು, ಕೆನಡಾದ ಹೆಸರು ನಮ್ಮ ಮಿಡತೆಗೆ ಬಂತು. ಕೊಡುಕೊಳೆಯಲ್ಲಿ ಯಾರಿಗೆ ಲಾಭವಾಯಿತೋ ತಾವೇ ನಿರ್ಣಯಿಸಬಹುದು.

ಕೋಲ್ಮನ್ ಮುಂದೆ ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಪ್ರಾರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನ ಕೇಂದ್ರ ತಲೆಯೆತ್ತಿತು. ಅವರ ಸುತ್ತ ಒಂದು ದೇಶೀಯ ವಿದ್ವತ್ ಮಂಡಲ ಬೆಳೆಯಿತು. ಕೀಟಶಾಸ್ತ್ರದ ಕುಂಞಿ ಕಣ್ಣನ್, ಶಿಲೀಂಧ್ರಗಳ ಅಧ್ಯಯನದ ಎಂ. ಜೆ. ನರಸಿಂಹನ್, ‘ಫೀಲ್ಡ್ ಕ್ರಾಪ್ಸ್ ಆಫ್ ಇಂಡಿಯಾ’ ಎಂಬ ದೊಡ್ಡ ಗ್ರಂಥವನ್ನು ಬರೆದ ಎ. ಕೆ. ಯಜ್ಞನಾರಾಯಣ ಅಯ್ಯರ್ ಮುಂತಾದವರು ಆ ಮಂಡಲದ ಗಣ್ಯರು. ಈ ಹೆಸರುಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವುದಿಲ್ಲ. ಯುದ್ಧ ಗೆದ್ದವರನ್ನು ನೆನೆಯುವ ಹಾಗೆ ಮಿಡತೆ ಗೆದ್ದವರನ್ನು ನೆನೆಯುವ ವಾಡಿಕೆ ನಮ್ಮಲ್ಲಿಲ್ಲ.

ಇಷ್ಟು ಹೊಲದ ಮಾತಾಯಿತು. ಆದರೆ ಹೆಬ್ಬಾಳದ ಹೊಲಕ್ಕೆ ಒಂದು ಕೊಟ್ಟಿಗೆಯೂ ಇತ್ತು. ನಾನು ಈ ಭಾಷಣದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಈ ಕೊಟ್ಟಿಗೆಯ ವಿಷಯವನ್ನೇ.

ದನಕ್ಕೆ ಬರುವ ಕಾಯಿಲೆಗಳಲ್ಲೆಲ್ಲ ಭಯಂಕರವಾದುದನ್ನು ನಮ್ಮ ರೈತರು ದೊಡ್ಡರೋಗ ಎಂದು ಕರೆಯುತ್ತಿದ್ದರು. ಜ್ವರ, ಬಾಯಿಯ ಹುಣ್ಣು, ಭೇದಿ, ಕೆಲವೇ ದಿನಗಳಲ್ಲಿ ಸಾವು. ಒಂದು ಹಟ್ಟಿಗೆ ಬಂದರೆ ಊರನ್ನೆಲ್ಲ ಬರಿದುಮಾಡಿ ಹೋಗುವ ರೋಗ. ಉಳುವ ಎತ್ತು ಸತ್ತ ಮನೆಯಲ್ಲಿ ಮುಂದಿನ ವರ್ಷದ ಅನ್ನವೂ ಸತ್ತಂತೆಯೇ. ಮಾರಮ್ಮನಿಗೆ ಹರಕೆ ಹೊತ್ತುಕೊಳ್ಳುವುದನ್ನು ಬಿಟ್ಟರೆ ರೈತನಿಗೆ ಬೇರೆ ದಾರಿಯಿರಲಿಲ್ಲ. ಈ ರೋಗವನ್ನು ಎದುರಿಸುವ ಸೀರಂ ತಯಾರಿಸಲೆಂದು 1925ರಲ್ಲಿ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಸ್ಥಾಪಿತವಾಯಿತು. ಅನಂತರ ಲಸಿಕೆಗಳು ಬಂದವು. 1954ರಲ್ಲಿ ರಾಷ್ಟ್ರಮಟ್ಟದ ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ಹಳ್ಳಿಹಳ್ಳಿಗೂ ಲಸಿಕೆಯ ಪೆಟ್ಟಿಗೆ ಹೊತ್ತು ನಡೆದ ಪಶುವೈದ್ಯ ಸಹಾಯಕರ ಸಂಖ್ಯೆ ಎಷ್ಟೋ! ಭಾರತ 2006ರಲ್ಲಿ ಈ ರೋಗದಿಂದ ಮುಕ್ತವೆಂದು ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. 2011ರಲ್ಲಿ ಇಡೀ ಭೂಮಂಡಲದಿಂದಲೇ ಅದು ತೊಲಗಿತೆಂದು ಘೋಷಣೆಯಾಯಿತು. ಮಾನವನ ಸಿಡುಬಿನ ತರುವಾಯ ಮನುಷ್ಯ ಪ್ರಯತ್ನದಿಂದ ಲೋಕದಿಂದಲೇ ಅಳಿದುಹೋದ ಎರಡನೆಯ ರೋಗ ಇದು. ಸಿಡುಬು ಹೋದದ್ದನ್ನು ನಾವೆಲ್ಲ ಬಲ್ಲೆವು. ದೊಡ್ಡರೋಗ ಹೋದದ್ದು ಪಟ್ಟಣದಲ್ಲಿ ಎಷ್ಟು ಮಂದಿಗೆ ಗೊತ್ತು? ಸುದ್ದಿಯಾಗದೆ ಬಂದ ಸುಖಗಳಲ್ಲಿ ಇದೂ ಒಂದು. ಕಾಲುಬಾಯಿ ಜ್ವರ ಮಾತ್ರ ಇನ್ನೂ ಉಳಿದಿದೆ. ಚರ್ಮಗಂಟು ರೋಗ 2022ರಲ್ಲಿ ನಮ್ಮ ನಾಡಿನ ಎಷ್ಟೋ ಕೊಟ್ಟಿಗೆಗಳಲ್ಲಿ ಕಣ್ಣೀರು ಹಾಕಿಸಿತು. ಹೆಬ್ಬಾಳದ ಪ್ರಯೋಗಶಾಲೆಗಳಿಗೆ ಬಿಡುವಿಲ್ಲ.

1946ರಲ್ಲಿ ಕೃಷಿ ಶಾಲೆಯ ಸ್ಥಾನದಲ್ಲಿ ಕೃಷಿ ಕಾಲೇಜು ಬಂತು. 1958ರಲ್ಲಿ ಅಲ್ಲಿಯೇ ಪಶುವೈದ್ಯ ಕಾಲೇಜೂ ಬಂತು. ಇತ್ತ ದೇಶದಲ್ಲಿ ಒಂದು ದೊಡ್ಡ ವಿಚಾರ ಬೆಳೆಯುತ್ತಿತ್ತು. ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಆಯೋಗ 1949ರ ತನ್ನ ವರದಿಯಲ್ಲಿ ಗ್ರಾಮೀಣ ವಿಶ್ವವಿದ್ಯಾನಿಲಯಗಳು ಬೇಕೆಂದು ಹೇಳಿತ್ತು. ಅಮೆರಿಕೆಯಲ್ಲಿ 1862ರ ಮೊರಿಲ್ ಕಾಯಿದೆಯ ಮೂಲಕ ಪ್ರತಿ ರಾಜ್ಯಕ್ಕೂ ಭೂಮಿಯನ್ನು ಕೊಟ್ಟು, ಅದರ ಉತ್ಪತ್ತಿಯಿಂದ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳಿಗಾಗಿ ಕಾಲೇಜು ಕಟ್ಟುವ ಏರ್ಪಾಡಾಗಿತ್ತು. 1887ರಲ್ಲಿ ಅದಕ್ಕೆ ಪ್ರಯೋಗಕ್ಷೇತ್ರಗಳು ಕೂಡಿದವು. 1914ರಲ್ಲಿ ಹಳ್ಳಿಗೆ ಹೋಗಿ ತಿಳಿಸುವ ವಿಸ್ತರಣ ಸೇವೆ ಕೂಡಿತು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಈ ಮೂರು ಕಾಲಿನ ಮಣೆಯನ್ನು ನಮ್ಮ ದೇಶ ಅಲ್ಲಿಂದ ತಂದಿತು. 1960ರಲ್ಲಿ ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದ ಪಂತನಗರದಲ್ಲಿ ಮೊದಲನೆಯದು. 1963ರ ಕಾಯಿದೆಯಂತೆ 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ. ಅದಕ್ಕೆ ಟೆನೆಸಿ ವಿಶ್ವವಿದ್ಯಾನಿಲಯದ ಸಹಕಾರ. ಡಾ. ಕೆ. ಸಿ. ನಾಯಕ್ ಮೊದಲ ಕುಲಪತಿಗಳು. ಹೆಬ್ಬಾಳದ ಆವರಣ ಸಾಲದೆ ಇನ್ನಷ್ಟು ಉತ್ತರಕ್ಕೆ, ಸಾವಿರದ ಮುನ್ನೂರು ಎಕರೆಗಳಷ್ಟು ವಿಸ್ತಾರವಾದ ಹೊಸ ಆವರಣ ರೂಪುಗೊಂಡಿತು. ಅದಕ್ಕೆ ಗಾಂಧೀಜಿಯವರ ಹೆಸರು.

ಆ ಹೆಸರು ಔಪಚಾರಿಕವೆಂದು ತೋರಬಹುದು; ಪೂರ್ತಿ ಹಾಗಲ್ಲ. 1927ರಲ್ಲಿ ಆರೋಗ್ಯ ಸುಧಾರಣೆಗೆಂದು ಗಾಂಧೀಜಿ ಬೆಂಗಳೂರಿನಲ್ಲಿ ತಂಗಿದ್ದಾಗ ಆಡುಗೋಡಿಯ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ, ವಿಲಿಯಂ ಸ್ಮಿತ್ ಅವರಿಂದ ಹಸುವಿನ ಪಾಲನೆಯನ್ನು ವಿದ್ಯಾರ್ಥಿಯಂತೆ ಕಲಿತರು. ಗೋರಕ್ಷಣೆಯ ಮಾತನಾಡುವವನಿಗೆ ಗೋವಿನ ಮೇವಿನ ಲೆಕ್ಕ ಗೊತ್ತಿರಬೇಕು ಎಂಬುದು ಅವರ ಪಂಥ. ಐವತ್ತೇಳರ ವಯಸ್ಸಿನಲ್ಲಿ, ದೇಶದ ಭಾರವನ್ನೆಲ್ಲ ಹೊತ್ತು, ಕೊಟ್ಟಿಗೆಯಲ್ಲಿ ನಿಂತು ಪಾಠ ಹೇಳಿಸಿಕೊಂಡವರ ಹೆಸರು ಕೃಷಿ ವಿದ್ಯಾಪೀಠಕ್ಕೆ ಒಪ್ಪುತ್ತದೆ.

ಇನ್ನು ರಾಗಿಯ ವಿಷಯ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ನಡೆದ ವ್ಯಾಜ್ಯ ತಮಗೆ ತಿಳಿದೇ ಇದೆ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಭತ್ತ ಸೊರಗಿತು, ರಾಗಿ ಗಟ್ಟಿಯಾಗಿತ್ತು. ಇದು ಬರಿಯ ಕವಿಕಲ್ಪನೆಯಲ್ಲ. ಹಗೇವಿನಲ್ಲಿ ತುಂಬಿಟ್ಟ ರಾಗಿಗೆ ವರ್ಷಗಟ್ಟಲೆ ಹುಳು ಬೀಳುವುದಿಲ್ಲವೆಂಬುದು ಹಳೆಯ ಮೈಸೂರಿನ ಪ್ರತಿ ಒಕ್ಕಲ ಮನೆಯ ಅನುಭವ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ವ್ಯಾಜ್ಯ ಮತ್ತೊಮ್ಮೆ ನಡೆಯಿತು. ಈ ಬಾರಿ ತೀರ್ಪು ರಾಗಿಗೆ ವಿರುದ್ಧವಾಗಿತ್ತು. ಹಸುರು ಕ್ರಾಂತಿ ಎಂದರೆ ಗೋಧಿಯ ಮತ್ತು ಭತ್ತದ ಕ್ರಾಂತಿ. ಮೆಕ್ಸಿಕೋದಲ್ಲಿ ಗೋಧಿಗೆ ಸಂಸ್ಥೆ, ಫಿಲಿಪೈನ್ಸಿನಲ್ಲಿ ಭತ್ತಕ್ಕೆ ಸಂಸ್ಥೆ. ಹಣವೂ ವಿಜ್ಞಾನಿಗಳೂ ಅವುಗಳ ಬೆನ್ನಿಗೆ. ರಾಗಿಯನ್ನು ಕೇಳುವವರು ಅದನ್ನು ಉಣ್ಣುವವರು ಮಾತ್ರ. ಅವರು ಬಡವರು.

ಆಗ ರಾಗಿಯ ಪಕ್ಷ ವಹಿಸಿದ್ದು ನಮ್ಮ ಈ ವಿದ್ಯಾಪೀಠ. ಅದರಲ್ಲಿಯೂ ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಸಿ. ಲಕ್ಷ್ಮಣಯ್ಯನವರ ಹೆಸರು ಮರೆಯತಕ್ಕದ್ದಲ್ಲ. ರಾಗಿಯ ತಳಿ ಬೆಸೆಯುವುದು ಎಷ್ಟು ಕಷ್ಟವೆಂಬುದನ್ನು ಸ್ವಲ್ಪ ವಿವರಿಸಬೇಕು. ರಾಗಿಯ ಹೂ ಕಣ್ಣಿಗೆ ಕಾಣಿಸದಷ್ಟು ಕಿರಿದು. ಅದು ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವದೊಳಗೆ. ಅರಳುವಷ್ಟರಲ್ಲಿಯೇ ತನ್ನ ಪರಾಗದಿಂದ ತಾನೇ ಫಲಗೊಂಡುಬಿಡುವ ಸ್ವಭಾವ. ಭತ್ತದಲ್ಲಿ ಮಾಡಿದಂತೆ ಚಿಮಟದಿಂದ ಕೇಸರಗಳನ್ನು ಕಿತ್ತು ಬೇರೆ ಗಿಡದ ಪರಾಗವನ್ನು ತಾಗಿಸುವುದು ಇಲ್ಲಿ ಹೆಚ್ಚುಕಡಮೆ ಆಗದ ಮಾತು. ಎರಡು ತಳಿಗಳ ತೆನೆಗಳನ್ನು ಒಟ್ಟಿಗೆ ಕಟ್ಟಿ, ಎಲ್ಲೋ ನೂರಾರು ಹೂಗಳಲ್ಲಿ ಒಂದು ಪರಪರಾಗ ಪಡೆದೀತೆಂದು ಕಾದು, ಆ ಕಾಳುಗಳನ್ನೆಲ್ಲ ಬಿತ್ತಿ, ಹುಟ್ಟಿದ ಸಾವಿರ ಗಿಡಗಳ ನಡುವೆ ಬೆರಕೆಯಾದ ಗಿಡವನ್ನು ಕಣ್ಣಿನಿಂದಲೇ ಗುರುತಿಸಬೇಕು. ಇದು ಪ್ರಯೋಗಶಾಲೆಯ ಜಾಣ್ಮೆಗಿಂತ ಹೆಚ್ಚಾಗಿ ಒಕ್ಕಲಿನವನ ತಾಳ್ಮೆಯನ್ನು ಬೇಡುವ ಕೆಲಸ.

ಲಕ್ಷ್ಮಣಯ್ಯನವರು ಮೊದಲು ನಮ್ಮ ನಾಡಿನ ತಳಿಗಳಿಂದಲೇ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ತಳಿಗೆ ಅಂಕಿಯನ್ನಿಡದೆ ಹೆಣ್ಣುಮಗುವಿಗೆ ಇಡುವಂಥ ಹೆಸರನ್ನಿಟ್ಟದ್ದನ್ನು ತಾವು ಗಮನಿಸಬೇಕು. ಅನಂತರ ಅವರು ಆಫ್ರಿಕದ ರಾಗಿಯತ್ತ ನೋಡಿದರು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟು ನಮ್ಮಲ್ಲಿಗೆ ಬಂದು ನಮ್ಮದೇ ಆಗಿಹೋದ ಧಾನ್ಯ ಅದು. ತವರಿನಲ್ಲುಳಿದ ಬಂಧುಗಳ ತೆನೆ ದೊಡ್ಡದು, ಕಾಂಡ ಗಟ್ಟಿ. ಆದರೆ ಮಾಗುವುದು ತಡ. ನಮ್ಮದರ ತೆನೆ ಸಣ್ಣದು, ಮಾಗುವುದು ಬೇಗ. ಅಗಲಿದ ಆ ಎರಡು ಕವಲುಗಳನ್ನು ಮರಳಿ ಬೆಸೆದಾಗ 1970ರ ದಶಕದಲ್ಲಿ ಹೊರಬಂದದ್ದು ಇಂಡಾಫ್ ತಳಿಗಳು. ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’. ಎಕರೆಗೆ ಬರುವ ಇಳುವರಿಯ ಲೆಕ್ಕವೇ ಬದಲಾಯಿತು. ಮುಂದೆ 1990ರ ದಶಕದಲ್ಲಿ ಇದೇ ವಂಶದಿಂದ, ಬೆಂಕಿರೋಗವನ್ನು ತಡೆದುಕೊಳ್ಳುವ ಜಿ. ಪಿ. ಯು. 28 ಎಂಬ ತಳಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಿಂದ ಬಂದು ನಾಡಿನ ಹೊಲಗಳನ್ನು ತುಂಬಿತು. ರಾಗಿ ಬೆಳೆಯುವುದರಲ್ಲಿ ಕರ್ನಾಟಕ ದೇಶಕ್ಕೇ ಮೊದಲು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪಟ್ಟಣದ ಹೋಟೆಲುಗಳು ರಾಗಿಯನ್ನು ಹೊಸದಾಗಿ ಕಂಡುಹಿಡಿದವು. ವೈದ್ಯರು ಹೇಳಿದ ಮೇಲೆ ಮುದ್ದೆಗೆ ಮರ್ಯಾದೆ ಬಂತು.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ಹೇಳುವಂತಿಲ್ಲ. ಪ್ರತಿ ವರ್ಷ ಈ ಆವರಣದಲ್ಲಿ ಕೃಷಿಮೇಳ ನಡೆಯುತ್ತದೆ. ಕೋಲಾರ, ತುಮಕೂರು, ರಾಮನಗರ, ಚಿತ್ರದುರ್ಗಗಳಿಂದ ಬುತ್ತಿ ಕಟ್ಟಿಕೊಂಡು ಜನ ಬರುತ್ತಾರೆ. ಅಂತಹ ಒಂದು ಮೇಳದಲ್ಲಿ, ಪ್ರಾತ್ಯಕ್ಷಿಕೆಯ ರಾಗಿ ತಾಕಿನ ಮುಂದೆ, ತಲೆಗೆ ಟವಲು ಸುತ್ತಿದ್ದ ಹಿರಿಯ ರೈತರೊಬ್ಬರು ನಿಂತಿದ್ದರು. ಯುವಕ ವಿಜ್ಞಾನಿ ಎಕರೆಗೆ ಎಷ್ಟು ಕ್ವಿಂಟಾಲು ಎಂಬುದನ್ನು ಉತ್ಸಾಹದಿಂದ ವಿವರಿಸಿದ. ಆತನ ಮಾತು ಮುಗಿಯುವವರೆಗೂ ಸುಮ್ಮನಿದ್ದು ಆ ಹಿರಿಯರು ಕೇಳಿದರು: “ಅದೆಲ್ಲಾ ಸರಿ ಕಣಪ್ಪ. ಹುಲ್ಲೆಷ್ಟು ಬರ್ತದೆ?” ಯುವಕನಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. “ಇಳುವರಿ ಜಾಸ್ತಿ ಇದೆಯಲ್ಲಾ ಯಜಮಾನರೇ” ಎಂದ. ಅದಕ್ಕೆ ಅವರು, “ಕಾಳು ನಮಗಾಯ್ತು, ಹಟ್ಟೀಲಿರೋರಿಗೆ?” ಎಂದರು. ಅಷ್ಟು ಹೇಳಿ, ಬಗ್ಗಿ, ಒಂದು ಕಾಂಡವನ್ನು ಮುರಿದು, ಬೆರಳಲ್ಲಿ ಹಿಸುಕಿ, ಮೂಸಿ ನೋಡಿದರು.

ಆ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಹಳೆಯ ಮೈಸೂರಿನ ಬಯಲಿನಲ್ಲಿ ರಾಗಿಯ ಹುಲ್ಲು ರಾಗಿಯ ಕಾಳಿನಷ್ಟೇ ಬೆಲೆಯುಳ್ಳದ್ದು. ಹಿತ್ತಿಲಿನ ಮೆದೆ ನೋಡಿ ಮನೆತನದ ಸ್ಥಿತಿಯನ್ನು ಅಳೆಯುತ್ತಿದ್ದ ಕಾಲವೊಂದಿತ್ತು. ಹೆಣ್ಣು ಕೊಡಲು ಬಂದವರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತಿತ್ತು. ಹುಲ್ಲು ದನಕ್ಕೆ, ದನದ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ, ಹೊಲದಿಂದ ಮತ್ತೆ ಕಾಳು ಮತ್ತು ಹುಲ್ಲು. ರಾಗಿಯ ಸಾಲುಗಳ ನಡುವೆ ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳನ್ನು ಹಾಕುವಾಗಲೂ ಇದೇ ಲೆಕ್ಕ: ಮನೆಗೆ ಬೇಳೆ, ದೀಪಕ್ಕೆ ಎಣ್ಣೆ, ದನಕ್ಕೆ ಹಸಿಮೇವು, ಮಣ್ಣಿಗೆ ಸತ್ವ. ಒಂದು ಎಕರೆಯ ಇಳುವರಿಯನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದೆಂಬ ವಿಚಾರ ರೈತನ ಮನೆಯದಲ್ಲ, ಸಂತೆಯದು. ಕುಳ್ಳ ತಳಿಯ ಗೋಧಿಯಿಂದ, ಭತ್ತದಿಂದ ಕಾಳು ಹೆಚ್ಚಿತು, ಹುಲ್ಲು ಕಡಮೆಯಾಯಿತು. ಟ್ರಾಕ್ಟರ್ ಬಂದ ಕಡೆ ಅದು ಯಾರಿಗೂ ತಟ್ಟಲಿಲ್ಲ. ನಾಲ್ಕು ಎಕರೆ ಮಳೆಯಾಶ್ರಯದ ಹೊಲ, ಒಂದು ಜೊತೆ ಹಳ್ಳಿಕಾರ್ ಎತ್ತು ಅಥವಾ ಒಂದು ಸೀಮೆಹಸು ಇರುವವನಿಗೆ ತಟ್ಟುತ್ತದೆ. ಹಾಲಿನ ಡೇರಿಯಿಂದ ವಾರವಾರ ಬರುವ ದುಡ್ಡು ಮಳೆ ಕೈಕೊಟ್ಟ ವರ್ಷ ಮನೆ ಹಿಡಿದು ನಿಲ್ಲಿಸುತ್ತದೆ. ಆ ಹಾಲು ಹುಲ್ಲಿನಿಂದ ಬರಬೇಕು.

ಕೊಟ್ಟಿಗೆಯೂ ಹೊಲವೂ ಒಂದೇ ಆವರಣದಲ್ಲಿ ಇದ್ದುದರ ಅರ್ಥ ಈಗ ತಮಗೆ ಹೊಳೆದಿರಬಹುದು. 1964ರ ವಿಶ್ವವಿದ್ಯಾನಿಲಯದಲ್ಲಿ ಕೃಷಿ ಕಾಲೇಜೂ ಪಶುವೈದ್ಯ ಕಾಲೇಜೂ ಅಕ್ಕಪಕ್ಕದ ಮನೆಗಳು. ಹುಲ್ಲಿನ ಪ್ರಶ್ನೆ ಎದ್ದರೆ ರಸ್ತೆ ದಾಟಿ ಹೋಗಿ ಕೇಳಬಹುದಾಗಿತ್ತು. ಎಷ್ಟು ಮಂದಿ ಹಾಗೆ ದಾಟಿ ಹೋದರೋ ಬೇರೆ ಮಾತು. ದಾಟುವುದಕ್ಕೆ ದಾರಿಯಂತೂ ಇತ್ತು. ಅನಂತರ ಪಾಲಿನ ಕಾಲ ಬಂತು. 1986ರಲ್ಲಿ ಧಾರವಾಡದ್ದು ಬೇರೆಯಾಯಿತು, ಅದು ನ್ಯಾಯವೇ. ಕಪ್ಪುಮಣ್ಣಿನ ಹತ್ತಿ ಜೋಳಗಳ ಸೀಮೆಗೆ ಕೆಂಪುಮಣ್ಣಿನ ಬೆಂಗಳೂರಿನಿಂದ ಬುದ್ಧಿ ಹೇಳುವುದು ತಕ್ಕುದಾಗಿರಲಿಲ್ಲ. ಮುಂದೆ ರಾಯಚೂರು, ಶಿವಮೊಗ್ಗಗಳಿಗೂ ತಮ್ಮ ತಮ್ಮ ವಿಶ್ವವಿದ್ಯಾನಿಲಯಗಳು ದೊರೆತವು. ಇವೆಲ್ಲ ಊರಿನಿಂದ ಊರಿಗೆ ಆದ ಪಾಲು. 2004ರಲ್ಲಿ ಆದದ್ದು ಬೇರೆ ಬಗೆಯದು. ಪಶುವೈದ್ಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳಿಗೆಂದು ಬೀದರಿನಲ್ಲಿ ಒಂದು ವಿಶ್ವವಿದ್ಯಾನಿಲಯವಾಗಿ, ಹೆಬ್ಬಾಳದ ಪಶುವೈದ್ಯ ಕಾಲೇಜು ಆರುನೂರು ಕಿಲೋಮೀಟರಿಗೂ ದೂರದ ಬೀದರಿಗೆ ಸೇರಿತು. 2008ರಲ್ಲಿ ತೋಟಗಾರಿಕೆ ಬಾಗಲಕೋಟೆಗೆ ಹೋಯಿತು. ಇಲ್ಲಿ ಪಾಲಾದದ್ದು ಭೂಮಿಯಲ್ಲ, ವಿದ್ಯೆ. ಒಬ್ಬನಿಗೆ ಕಾಳು, ಒಬ್ಬನಿಗೆ ದನ, ಒಬ್ಬನಿಗೆ ಹಣ್ಣು.

ಪಾಲಿಗೆ ಕಾರಣವಿರಲಿಲ್ಲವೆಂದು ನಾನು ಹೇಳುವುದಿಲ್ಲ. ಅವಿಭಕ್ತ ಕುಟುಂಬದಲ್ಲಿ ಹಿರಿಯಣ್ಣನ ಮಾತೇ ನಡೆಯುತ್ತದೆ. ಕಿರಿಯನಿಗೆ ಹಣವೂ ಸ್ಥಾನವೂ ಕಷ್ಟ. ಪಶುವಿಜ್ಞಾನಕ್ಕೆ ತನ್ನದೇ ದನಿ ಬೇಕಾಗಿತ್ತು. ಬೀದರಿನ ಸೀಮೆಗೂ ದೇವಣಿ ದನಗಳ ಆ ನಾಡಿನಲ್ಲಿ ಒಂದು ದೊಡ್ಡ ವಿದ್ಯಾಕೇಂದ್ರ ಬೇಕಾಗಿತ್ತು. ಬೆಂಗಳೂರಿನ ಸುತ್ತಲೇ ಎಲ್ಲವನ್ನೂ ಗುಡ್ಡೆ ಹಾಕುವ ನಮ್ಮ ಚಾಳಿಗೆ ಅದು ಒಳ್ಳೆಯ ಉತ್ತರವೂ ಹೌದು. ಆದರೆ ರೈತನ ಮನೆಯಲ್ಲಿ ಈ ಪಾಲು ಆಗಿಲ್ಲ. ಅವನ ಕೊಟ್ಟಿಗೆ ಹೊಲಕ್ಕೆ ಬೆನ್ನು ಮಾಡಿ ನಿಂತಿಲ್ಲ. ರಾಗಿಗೆ ಒಂದು ಕಚೇರಿ, ಹಸುವಿಗೆ ಇನ್ನೊಂದು, ಹುಣಿಸೆ ಮರಕ್ಕೆ ಮತ್ತೊಂದು ಎಂದು ಅವನು ಮೂರು ಬಸ್ಸು ಹತ್ತಬೇಕಾಗಿದೆ. ವಿದ್ಯೆಯನ್ನು ಪಾಲು ಮಾಡುವವರು ಕನಿಷ್ಠ ನಡುಗೋಡೆಯಲ್ಲಿ ಒಂದು ಬಾಗಿಲನ್ನಾದರೂ ಇಡಬೇಕಾಗಿತ್ತು. ಹುಲ್ಲನ್ನು ತೂಗುವವರಾರು, ಅದರ ರುಚಿಯನ್ನು ದನದ ಬಾಯಿಂದ ಕೇಳುವವರಾರು ಎಂಬ ಪ್ರಶ್ನೆ ಆ ಬಾಗಿಲಲ್ಲಿ ನಿಲ್ಲುತ್ತದೆ.

ನೆಲದ ಪ್ರಶ್ನೆಯೂ ಇದೆ. 2003ರ ಸುಮಾರಿಗೆ ಹೆಬ್ಬಾಳದಲ್ಲಿ ಮೇಲ್ಸೇತುವೆಯಾಯಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವಾಯಿತು. ಬಳ್ಳಾರಿ ರಸ್ತೆಯ ಎರಡು ಬದಿಯ ಭೂಮಿಗೆ ಚಿನ್ನದ ಬೆಲೆ ಬಂತು. ಇಷ್ಟು ಬೆಲೆಬಾಳುವ ನೆಲದಲ್ಲಿ ರಾಗಿ ಬೆಳೆಯುವುದೇ ಎಂದು ಕೇಳುವ ಬುದ್ಧಿವಂತರು ಈಗ ಕಡಮೆಯಿಲ್ಲ. ಪ್ರಯೋಗದ ತಾಕನ್ನು ಬೇರೆ ಕಡೆಗೆ ಸಾಗಿಸಿದರಾಯಿತು ಎಂಬುದು ಅವರ ವಾದ. ಅವರಿಗೆ ಒಂದು ಸಂಗತಿಯನ್ನು ತಿಳಿಸಬೇಕು. ಇಂಗ್ಲೆಂಡಿನ ರಾತಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ, ಒಂದೇ ಕ್ರಮದಲ್ಲಿ ಗೋಧಿ ಬೆಳೆಯುತ್ತಿದ್ದಾರೆ. ಕೊಯಮತ್ತೂರಿನಲ್ಲಿ 1909ರಿಂದ ಇಂತಹ ತಾಕುಗಳಿವೆ. ಗೊಬ್ಬರ ಹಾಕಿದ ಮಣ್ಣು ಏನಾಗುತ್ತದೆ, ಹಾಕದ ಮಣ್ಣು ಏನಾಗುತ್ತದೆ ಎಂಬುದು ಐದು ವರ್ಷದಲ್ಲಿ ತಿಳಿಯುವ ವಿಷಯವಲ್ಲ. ಮೂರು ತಲೆಮಾರು ಒಂದೇ ಮಣ್ಣನ್ನು ಕಾಯಬೇಕು. ಅಂತಹ ತಾಕು ಒಂದು ಗ್ರಂಥಭಂಡಾರ. ಅದನ್ನು ಲಾರಿಯಲ್ಲಿ ತುಂಬಿ ಸಾಗಿಸಲು ಬರುವುದಿಲ್ಲ. 2010ರಲ್ಲಿ ಸರ್ಕಾರ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ 167 ಹೆಕ್ಟೇರುಗಳನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಸಾರಿತು. ಹಕ್ಕಿಗಳಿಗೂ ಚಿಟ್ಟೆಗಳಿಗೂ ಅದರಿಂದ ಒಂದು ರಕ್ಷಣೆ ದೊರೆಯಿತು. ಸುತ್ತಲಿನ ಕೆರೆಗಳೂ ತೋಪುಗಳೂ ಕಾಣೆಯಾದ ಮೇಲೆ ಅವುಗಳಿಗೆ ಉಳಿದ ನೆಲೆಗಳು ಇಂಥವೇ. ಉತ್ತ ನೆಲಕ್ಕೆ ಅಂತಹ ಘೋಷಣೆ ಯಾವುದೂ ಇಲ್ಲ.

ಈ ಆವರಣದ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಕೆಲವು ತಿಂಗಳು ಹಳ್ಳಿಯಲ್ಲಿ ವಾಸಮಾಡಿ ರೈತರೊಡನೆ ದುಡಿಯಬೇಕೆಂಬ ನಿಯಮವಿದೆ. ಈಗ ಅಲ್ಲಿ ಓದುವವರಲ್ಲಿ ಪಟ್ಟಣದ ಮಕ್ಕಳು ಬಹಳ. ಕೂರಿಗೆಯನ್ನಾಗಲಿ ಕುಂಟೆಯನ್ನಾಗಲಿ ಮೊದಲ ಬಾರಿಗೆ ಕಾಣುವವರು. ಮೊದಲ ವಾರ ಹಳ್ಳಿಯ ಹೆಂಗಸರು ಅವರನ್ನು ನೋಡಿ ನಗುತ್ತಾರೆ. ಆಮೇಲೆ ‘ಬಾವ್ವಾ, ಉಂಡು ಹೋಗು’ ಎನ್ನುತ್ತಾರೆ. ಹಾವೇರಿಯ ಕಡೆ ಗುಳಿರಾಗಿ ಎಂಬ ಪದ್ಧತಿಯುಂಟು. ಚೌಕಕ್ಕೆ ಸಾಲು ಹೊಡೆದು, ಸಾಲು ಕೂಡುವಲ್ಲಿ ಗುಳಿಯಲ್ಲಿ ಗೊಬ್ಬರದೊಡನೆ ಸಸಿ ನೆಟ್ಟು, ಬೆಳೆಯುವಾಗ ಅದರ ಮೇಲೆ ಮರದ ಕೊರಡೆಳೆದು ಗಿಡವನ್ನು ಬಾಗಿಸುವುದು. ಬಾಗಿದ ಗಿಡ ಹೆಚ್ಚು ಹೆಚ್ಚು ತೆಂಡೆಯೊಡೆಯುತ್ತದೆ. ತೆನೆಯೂ ಹೆಚ್ಚು, ಹುಲ್ಲೂ ಹೆಚ್ಚು. ಯಾವ ಪದವಿಯೂ ಇಲ್ಲದ ರೈತರು ಕಂಡುಕೊಂಡ ವಿದ್ಯೆ ಇದು. ಅದನ್ನು ವಿಶ್ವವಿದ್ಯಾನಿಲಯಕ್ಕೆ ತಂದು ಅಳೆದು ನೋಡುವವರು ಈ ಮಕ್ಕಳೇ ಆಗಬೇಕು. ವಿಸ್ತರಣೆ ಎಂಬ ಮೂರನೆಯ ಕಾಲು ಇದುವರೆಗೆ ಹೆಚ್ಚಾಗಿ ಊರ ಕಡೆಗೇ ನಡೆದಿದೆ. ಊರಿನಿಂದ ಹಿಂದಿರುಗಿ ಬರುವ ಹೆಜ್ಜೆಗಳು ವಿರಳ.

ತಳಿ ಪರೀಕ್ಷೆಯ ಪುಸ್ತಕಗಳಲ್ಲಿ ಕಾಳಿನ ತೂಕದ ಪಕ್ಕದಲ್ಲಿ ಹುಲ್ಲಿನ ತೂಕಕ್ಕೂ ಒಂದು ಅಂಕಣವಿದೆ. ಹೊಸ ತಳಿ ಬಿಡುಗಡೆಯಾದಾಗ ಪತ್ರಿಕೆಗಳಿಗೆ ಹೋಗುವ ವರದಿಯಲ್ಲಿ ಮಾತ್ರ ಆ ಅಂಕಣ ಕಾಣಿಸುವುದಿಲ್ಲ. ಆಕಾಶವಾಣಿಯ ಕೃಷಿರಂಗವನ್ನು ಕೇಳುವ ಮಿತ್ರರು, ಮುಂದಿನ ಕೃಷಿಮೇಳಕ್ಕೆ ಹೋದಾಗ, ಬೀಜದ ಚೀಲವನ್ನು ಹೆಗಲಿಗೇರಿಸುವ ಮುನ್ನ ಆ ಎರಡನೆಯ ಅಂಕಿಯನ್ನೂ ಕೇಳಿ ಬರೆದುಕೊಳ್ಳಲಿ. ಬೀದರಿನವರ ಮಳಿಗೆಯೂ ಮೇಳದಲ್ಲಿದ್ದರೆ ಅಲ್ಲಿಯೂ ಅದೇ ಪ್ರಶ್ನೆಯನ್ನು ಕೇಳಬಹುದು: ಈ ಹುಲ್ಲನ್ನು ನಮ್ಮ ಹಸು ತಿನ್ನುತ್ತದೆಯೇ, ತಿಂದರೆ ಎಷ್ಟು ಹಾಲು ಕೊಡುತ್ತದೆ?